ರಕ್ತಪಿಶಾಚಿ ಮಾಂಗಾ: ಎಲ್ಲಿಂದ ಶುರು ಮಾಡಬೇಕು, ಹೇಗೆ ಓದಬೇಕು

ನಾನು ಮೊದಲು ಓದಿದ ವ್ಯಾಂಪೈರ್ ಮಾಂಗಾವನ್ನು, ಅಂದರೆ ರಕ್ತಪಿಶಾಚಿಯ ಜಪಾನೀ ಚಿತ್ರಕಥೆಯನ್ನು, ಹಿಂದುಮುಂದಾಗಿ ಓದಿದ್ದೆ. ಹಳೇ ಪುಸ್ತಕದ ರಾಶಿಯಲ್ಲಿ 'ಹೆಲ್ಸಿಂಗ್' ನಾಲ್ಕನೇ ಸಂಪುಟ ಸಿಕ್ಕಿತ್ತು. ಎಲ್ಲ ಪುಸ್ತಕದ ಹಾಗೆ ಎಡಗಡೆಯಿಂದ ತೆರೆದೆ. ಯಾರು ಯಾರಿಗೆ ಯಾಕೆ ಗುಂಡು ಹೊಡೆಯುತ್ತಿದ್ದಾರೆ ಎಂದು ಹತ್ತು ಪುಟವಾದರೂ ಗೊತ್ತಾಗಲಿಲ್ಲ. ಪ್ರಶ್ನೆಗಿಂತ ಮುಂಚೆ ಉತ್ತರ ಬಂದಾಗ ಅನುಮಾನ ಶುರುವಾಯಿತು. ಪುಸ್ತಕ ತಿರುಗಿಸಿ ನೋಡಿದರೆ ಮುಖಪುಟ ಆ ಕಡೆ ಇದೆ! ನಾಲ್ಕನೇ ಸಂಪುಟದಿಂದ, ಅದೂ ಕೊನೆಯ ಪುಟದಿಂದ ಶುರು ಮಾಡಿದವನು ನಾನು. ನಿಮಗೆ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಯಾವುದೋ ಅನಿಮೆ (ಜಪಾನಿನ ಅನಿಮೇಷನ್) ನೋಡಿ ಮೂಲ ಪುಸ್ತಕ ಓದುವ ಆಸೆ ಹುಟ್ಟಿರಬಹುದು. ಇಲ್ಲ, ದೆವ್ವದ ಕಥೆ ಅಂದರೆ ಚಿಕ್ಕಂದಿನಿಂದ ಪ್ರಾಣ ಇರಬಹುದು. ಇಬ್ಬರಿಗೂ ಇದು ಆಗುತ್ತದೆ. ಶಾಲೆ, ಪ್ರೀತಿ, ಚಂದದ ಹುಡುಗ ಅನ್ನುವ ಸಿಹಿ ವ್ಯಾಂಪೈರ್ ಕಥೆಗಳೂ ಬೇಕಾದಷ್ಟಿವೆ. ಅವುಗಳನ್ನು ನಾನಿಲ್ಲಿ ಮುಟ್ಟುವುದಿಲ್ಲ. ಇಲ್ಲಿರುವುದು ಕತ್ತಲ ಕಡೆಯವು.

ಹೆಜ್ಜೆ 1: ನಿಮಗೆ ಎಷ್ಟು ರಕ್ತ ಆಗುತ್ತದೆ, ನೋಡಿಕೊಳ್ಳಿ

ಜಪಾನಿನಲ್ಲಿ ಮಾಂಗಾ ಮೊದಲು ಬರುವುದು ಪತ್ರಿಕೆಗಳಲ್ಲಿ, ಧಾರಾವಾಹಿಯಾಗಿ. ಆಮೇಲೆ ಸಂಪುಟಗಳಾಗುತ್ತವೆ. ಯಾವ ಪತ್ರಿಕೆಯಲ್ಲಿ ಬಂತು ಅನ್ನುವುದರ ಮೇಲೆ ಅದು ಯಾರಿಗಾಗಿ ಅನ್ನುವುದು ನಿಂತಿದೆ. ಹುಡುಗರ ಪತ್ರಿಕೆಯಲ್ಲಿ ಬಂದದ್ದು ಶೋನೆನ್, ಹುಡುಗಿಯರದ್ದು ಶೋಜೊ, ವಯಸ್ಕ ಗಂಡಸರ ಪತ್ರಿಕೆಯದ್ದು ಸೈನೆನ್. ಇವು ಕಥೆಯ ಜಾತಿಗಳಲ್ಲ, ಓದುಗರ ಗುಂಪುಗಳು. ಆದರೂ ಸೈನೆನ್ ಅಂದ ಕೂಡಲೇ ಸ್ವಲ್ಪ ಎಚ್ಚರ ಇರಲಿ. ಅಲ್ಲಿ ಕೈ ಕತ್ತರಿಸಿದರೆ ಮೂಳೆಯನ್ನೂ ಬರೆಯುತ್ತಾರೆ.

ಇಂಗ್ಲಿಷ್ ಸಂಪುಟಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ವಯಸ್ಸಿನ ಗುರುತು ಇರುತ್ತದೆ. 16 ಮೇಲ್ಪಟ್ಟವರಿಗೆ, 18 ಮೇಲ್ಪಟ್ಟವರಿಗೆ ಅಂತ. ಅದನ್ನು ನೋಡದೆ ಮನೆಯ ಚಿಕ್ಕ ಹುಡುಗರಿಗೆ ಉಡುಗೊರೆ ಕೊಡಬೇಡಿ. 'ಬೊಂಬೆ ಪುಸ್ತಕ ತಾನೇ' ಅಂದುಕೊಂಡು ಕೊಟ್ಟವರನ್ನು ನಾನು ಬಲ್ಲೆ. ಆಮೇಲೆ ಅಕ್ಕನ ಮನೆಯಿಂದ ಬಂದ ಫೋನು ಆ ಪುಸ್ತಕಕ್ಕಿಂತ ಭಯಂಕರವಾಗಿತ್ತಂತೆ.

ರಕ್ತ ನೋಡಿದರೆ ನಿಮಗೆ ಏನೂ ಆಗದಿರಬಹುದು. ಆದರೆ ಈ ಕಥೆಗಳಲ್ಲಿ ಬರೀ ರಕ್ತ ಇರುವುದಿಲ್ಲ. ಕ್ರೌರ್ಯ, ಲೈಂಗಿಕ ಹಿಂಸೆ, ಶಾಲೆಯಲ್ಲಿ ಒಬ್ಬನನ್ನು ಹಿಡಿದು ಹಿಂಸಿಸುವುದು ಕೂಡ ಇರುತ್ತದೆ. ನನಗೆ ತಲೆ ಹಾರುವ ದೃಶ್ಯಕ್ಕಿಂತ ಇವೇ ಜಾಸ್ತಿ ಕಷ್ಟ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ನೀವೇ ಗುರುತು ಮಾಡಿಕೊಳ್ಳಿ. ಅರ್ಧಕ್ಕೆ ಬಿಟ್ಟರೆ ಯಾರೂ ದಂಡ ಹಾಕುವುದಿಲ್ಲ.

ಹೆಜ್ಜೆ 2: ಪುಟ ಓದುವುದನ್ನು ಕಲಿಯಿರಿ

ಬಲದಿಂದ ಎಡಕ್ಕೆ. ಪುಟದ ಬಲ ಮೇಲ್ಮೂಲೆಯಿಂದ ಶುರು, ಎಡ ಕೆಳಮೂಲೆಯಲ್ಲಿ ಮುಗಿತಾಯ. ಒಂದು ಚೌಕಟ್ಟಿನ ಒಳಗಿರುವ ಮಾತಿನ ಗುಳ್ಳೆಗಳಿಗೂ ಇದೇ ಲೆಕ್ಕ. ಮೊದಲ 20 ಪುಟ ಕಣ್ಣು ತಡವರಿಸುತ್ತದೆ. ಆಮೇಲೆ ಅಭ್ಯಾಸ ಆಗಿ, ವಾರಪತ್ರಿಕೆ ತೆರೆದರೂ ಕೈ ಹಿಂಬದಿಗೇ ಹೋಗುತ್ತದೆ.

ಇದು ಬರೀ ದಿಕ್ಕಿನ ಮಾತಲ್ಲ. ಭಯ ಹುಟ್ಟುವ ಜಾಗವೂ ಇದರಿಂದಲೇ ತೀರ್ಮಾನ ಆಗುತ್ತದೆ. ತೆರೆದ ಪುಸ್ತಕದಲ್ಲಿ ನೀವು ಮೊದಲು ಬಲಪುಟ, ಆಮೇಲೆ ಎಡಪುಟ ಓದುತ್ತೀರಿ. ಎಡಪುಟದ ಕೊನೆಯ ಚೌಕಟ್ಟಿನಲ್ಲಿ ಯಾರೋ ತಿರುಗಿ ನೋಡುತ್ತಾರೆ. ಏನು ನೋಡಿದರು? ಗೊತ್ತಾಗಬೇಕಾದರೆ ಹಾಳೆ ಮಗುಚಬೇಕು. ಮಗುಚಿದ ಕೂಡಲೇ ಹೊಸ ಬಲಪುಟ, ಇಡೀ ಪುಟಕ್ಕೆ ಒಂದೇ ಮುಖ. ಒಳ್ಳೆಯ ಕಲಾವಿದರು ಈ ಮಗುಚುವ ಕ್ಷಣಕ್ಕೇ ಹತ್ತು ಪುಟದಿಂದ ಹೊಂಚು ಹಾಕಿರುತ್ತಾರೆ. ಹಾಳೆ ಮಗುಚುವವರು ನೀವು. ಅಂದರೆ ಆ ದೆವ್ವವನ್ನು ಹೊರಗೆ ಬಿಟ್ಟವರೂ ನೀವೇ.

ಫೋನಿನಲ್ಲಿ ಮೇಲಿಂದ ಕೆಳಕ್ಕೆ ಜಾರಿಸುತ್ತಾ ಓದಿದರೆ ಇದೆಲ್ಲ ಹೋಯಿತು. ಮುಂದಿನ ಮುಖದ ಹಣೆ ಮೊದಲೇ ಇಣುಕುತ್ತದೆ. ಹಾಗಾಗಿ ಆ್ಯಪಿನಲ್ಲಿ ಪುಟ ಪುಟವಾಗಿ ತಿರುಗುವ ಆಯ್ಕೆ ಹಾಕಿಕೊಳ್ಳಿ. ಟ್ಯಾಬ್ ಇದ್ದರೆ ಅಡ್ಡ ಹಿಡಿದು ಎರಡೂ ಪುಟ ಒಟ್ಟಿಗೆ ಕಾಣುವ ಹಾಗೆ ಮಾಡಿಕೊಳ್ಳಿ.

ಇನ್ನು ಕಪ್ಪು. ಮಾಂಗಾ ಬಹುಪಾಲು ಕಪ್ಪು ಬಿಳುಪು. ರಕ್ತವೂ ಕಪ್ಪೇ. ಎಲ್ಲಿ ಮಸಿ ಪೂರ್ತಿ ತುಂಬಿದ್ದಾರೆ, ಎಲ್ಲಿ ಖಾಲಿ ಬಿಟ್ಟಿದ್ದಾರೆ ನೋಡಿ. ಚೌಕಟ್ಟುಗಳ ನಡುವಿನ ಜಾಗ ಬಿಳಿ ಇರುವುದು ವಾಡಿಕೆ. ಅದು ಇದ್ದಕ್ಕಿದ್ದಂತೆ ಕಪ್ಪಾದರೆ ಸಾಮಾನ್ಯವಾಗಿ ಹಳೆಯ ನೆನಪು ನಡೆಯುತ್ತಿದೆ ಎಂದು ಅರ್ಥ. ಇದು ಗೊತ್ತಿಲ್ಲದೆ ನಾನು ಸತ್ತವನು ಮತ್ತೆ ಹೇಗೆ ಬಂದ ಎಂದು ತುಂಬಾ ತಲೆ ಕೆಡಿಸಿಕೊಂಡಿದ್ದೇನೆ. ವ್ಯಾಂಪೈರ್ ಕಥೆ ಬೇರೆ, ಸತ್ತವರು ಬಂದರೂ ಬರಬಹುದು ನೋಡಿ!

ಶಬ್ದಗಳ ವಿಷಯದಲ್ಲಿ ಮಾತ್ರ ಕನ್ನಡದವರಿಗೆ ಅನುಕೂಲ ಇದೆ. ಜಪಾನಿನವರು ಎಲ್ಲದಕ್ಕೂ ಒಂದು ಸದ್ದು ಬರೆಯುತ್ತಾರೆ. ಎದೆ ಬಡಿದರೆ 'ದೊಕಿ ದೊಕಿ'. ಏನೂ ಸದ್ದಿಲ್ಲದಿದ್ದರೆ ಅದಕ್ಕೂ ಒಂದು ಸದ್ದಿದೆ, 'ಶೀನ್' ಅಂತ. ಇಂಗ್ಲಿಷಿನಲ್ಲಿ ಓದುವವರಿಗೆ ಇದು ವಿಚಿತ್ರ. ನಮಗೇನು ವಿಚಿತ್ರ? ಯಾರೂ ಇಲ್ಲದ ಮನೆ 'ಬಿಕೋ' ಅನ್ನುತ್ತದೆ, ಕತ್ತಲು 'ಗವ್' ಅನ್ನುತ್ತದೆ. ಖಾಲಿ ಕಾರಿಡಾರಿನ ಚಿತ್ರದ ಮೇಲೆ 'ಶೀನ್' ಕಂಡರೆ ಮನಸ್ಸಿನಲ್ಲೇ 'ಬಿಕೋ' ಅಂದುಕೊಳ್ಳಿ. ಸರಿಯಾಗಿ ಕೂರುತ್ತದೆ.

ಹೆಜ್ಜೆ 3: ಹಲ್ಲು ಬಿಡಿ, ಬಾಗಿಲು ನೋಡಿ

ಇದು ನನಗೆ ತುಂಬಾ ತಡವಾಗಿ ಹೊಳೆದದ್ದು. ವ್ಯಾಂಪೈರ್ ಕಥೆಯಲ್ಲಿ ಎಲ್ಲರೂ ನೋಡುವುದು ಹಲ್ಲನ್ನು. ಹಲ್ಲು ಎಲ್ಲ ಕಥೆಯಲ್ಲೂ ಒಂದೇ. ಬೇರೆ ಬೇರೆ ಇರುವುದು, ಪಿಶಾಚಿ ಒಳಗೆ ಹೇಗೆ ಬಂತು ಅನ್ನುವುದು. ಯಾರು ಬಾಗಿಲು ತೆಗೆದರು? ಏನೆಂದು ತೆಗೆದರು? ಪ್ರತಿ ಕಥೆಯನ್ನೂ ಈ ಪ್ರಶ್ನೆ ಇಟ್ಟುಕೊಂಡು ಓದಿ. ಕಥೆಯ ಹೊಟ್ಟೆ ಅಲ್ಲಿ ಸಿಗುತ್ತದೆ.

ನಿಯಮ ಹಳೆಯದು. ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ 'ಡ್ರಾಕುಲಾ'ದಲ್ಲೇ ಇದೆ. ಮನೆಯವರು ಯಾರಾದರೂ ಒಮ್ಮೆ ಕರೆಯದೆ ಅವನು ಒಳಗೆ ಬರುವ ಹಾಗಿಲ್ಲ. ಒಮ್ಮೆ ಕರೆದರೆ ಮುಂದೆ ಯಾವಾಗ ಬೇಕಾದರೂ ಬರಬಹುದು.

90ರ ದಶಕದಲ್ಲಿ ಬೆಂಗಳೂರಿನಲ್ಲಿ, ಸುತ್ತಲ ಊರುಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಗಿಲ ಮೇಲೆ ಬಳಪದಲ್ಲಿ 'ನಾಳೆ ಬಾ' ಅಂತ ಬರೆದಿದ್ದು ನೆನಪಿದೆ ಅಲ್ವಾ? ರಾತ್ರಿ ದೆವ್ವ ಬಂದು ಕದ ತಟ್ಟುತ್ತದೆ, ಅಮ್ಮನ ದನಿಯಲ್ಲೋ ಅಣ್ಣನ ದನಿಯಲ್ಲೋ ಕರೆಯುತ್ತದೆ, ಓಗೊಟ್ಟು ಬಾಗಿಲು ತೆಗೆದರೆ ಮುಗಿಯಿತು ಅನ್ನುತ್ತಿದ್ದರು. ಬರೆದಿದ್ದನ್ನು ಓದಿ, ನಾಳೆ ಬರೋಣ ಎಂದು ಹೋಗುತ್ತದಂತೆ. ಮಾರನೇ ದಿನ ಬಂದರೆ ಮತ್ತೆ ಅದೇ ಬರಹ. ಅಕ್ಷರ ಗೊತ್ತಿರುವ, ಹೇಳಿದ ಮಾತು ಕೇಳುವ ದೆವ್ವ. ಅದಕ್ಕೂ ಒಳಗಿನವರ ಒಪ್ಪಿಗೆ ಬೇಕಿತ್ತು.

ಈಗ 'ಶಿಕಿ' ತೆಗೆದುಕೊಳ್ಳಿ. ಫುಯುಮಿ ಓನೊ 1998ರಲ್ಲಿ ಬರೆದ ಕಾದಂಬರಿ. ರ್‍ಯೂ ಫುಜಿಸಾಕಿ ಅದನ್ನು 11 ಸಂಪುಟಗಳ ಮಾಂಗಾ ಮಾಡಿದರು. 2010ರಲ್ಲಿ 22 ಕಂತುಗಳ ಅನಿಮೆ ಬಂತು. ನಮ್ಮಲ್ಲಿ ಹೆಚ್ಚಿನವರ ಕೈಗೆ ಮೊದಲು ಸಿಗುವುದು ಈ ಅನಿಮೆಯೇ. ಸೊತೊಬಾ ಎಂಬ ಬೆಟ್ಟದ ನಡುವಿನ ಹಳ್ಳಿ. ಸುಮಾರು 1,300 ಜನ. ಸುತ್ತ ಫರ್ ಮರದ ಕಾಡು. ಆ ಮರದಿಂದ ಸಮಾಧಿಯ ಹತ್ತಿರ ನಿಲ್ಲಿಸುವ ಹಲಗೆ ಮಾಡುತ್ತಾರೆ. ಹಲಗೆಯ ಹೆಸರೂ ಸೊತೊಬಾ. ಅಂದರೆ ಊರಿನ ಹೆಸರಲ್ಲೇ ಸಾವು ಇದೆ. ಜಪಾನಿನಲ್ಲಿ ಈಗ ಹೆಚ್ಚುಕಡಿಮೆ ಎಲ್ಲರನ್ನೂ ಸುಡುತ್ತಾರೆ. ಈ ಊರಿನಲ್ಲಿ ಮಾತ್ರ ಇನ್ನೂ ಹೂಳುತ್ತಾರೆ. ಇಡೀ ಕಥೆ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಹೂತವರು ಎದ್ದು ಬರಬಹುದು. ಸುಟ್ಟವರು ಎಲ್ಲಿಂದ ಬರುತ್ತಾರೆ?

ಬೇಸಿಗೆಯಲ್ಲಿ ಒಂದು ಶ್ರೀಮಂತ ಕುಟುಂಬ ಗುಡ್ಡದ ಮೇಲಿನ ಯುರೋಪಿನ ಶೈಲಿಯ ಬಂಗಲೆಗೆ ಬಂದಿಳಿಯುತ್ತದೆ. ಊರಿನಲ್ಲಿ ಒಬ್ಬೊಬ್ಬರೇ ಸಾಯತೊಡಗುತ್ತಾರೆ. ಊರಿನ ವೈದ್ಯ ಒಜಾಕಿ ಮೊದಲು ಸಾಂಕ್ರಾಮಿಕ ರೋಗ ಅಂದುಕೊಳ್ಳುತ್ತಾನೆ. ರಕ್ತ ಪರೀಕ್ಷೆ, ಪುಸ್ತಕ ಹುಡುಕಾಟ, ನಿದ್ದೆಗೆಟ್ಟ ರಾತ್ರಿಗಳು. ಇದು ನಿಧಾನ. ಮೊದಲ ಏಳೆಂಟು ಕಂತು ಜನರ ಹೆಸರು ನೆನಪಿಟ್ಟುಕೊಳ್ಳುವುದರಲ್ಲೇ ಕಳೆಯುತ್ತದೆ. ದಯವಿಟ್ಟು ಬಿಡಬೇಡಿ. ಇಲ್ಲಿನ ಪಿಶಾಚಿಗಳಿಗೂ ಒಳಗೆ ಬರಲು ಆಹ್ವಾನ ಬೇಕು. ಹಳ್ಳಿಯಲ್ಲಿ ಅದೇನು ಕಷ್ಟವೇ? ಎದುರು ಸಿಕ್ಕವರಿಗೆ 'ಬನ್ನಿ ಮನೆಗೆ' ಅನ್ನದಿದ್ದರೆ ಅದೇ ತಪ್ಪು. ಮರ್ಯಾದೆಯೇ ಊರಿಗೆ ಉರುಳಾಗುತ್ತದೆ. ಇನ್ನು ಸತ್ತ ಮಗನೇ ಬಂದು ಕಿಟಕಿ ತಟ್ಟಿದರೆ ಯಾವ ತಾಯಿ 'ನಾಳೆ ಬಾ' ಅನ್ನುತ್ತಾಳೆ?

ಕೊನೆಯ ಭಾಗದಲ್ಲಿ ಊರವರು ತಿರುಗಿ ಬೀಳುತ್ತಾರೆ. ಅಲ್ಲಿಂದ ಯಾರು ಪಿಶಾಚಿ, ಯಾರು ಮನುಷ್ಯ ಅನ್ನುವ ಗೆರೆ ಅಳಿಸಿಹೋಗುತ್ತದೆ. ಆ ಭಾಗ ನೋಡಿದ ರಾತ್ರಿ ನನಗೆ ಊಟ ಸೇರಲಿಲ್ಲ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಫುಜಿಸಾಕಿ ಬರೆದ ಪಾತ್ರಗಳ ವಿಚಿತ್ರ ತಲೆಗೂದಲು ನೋಡಿ ನಗು ಬರಬಹುದು. ಮೂರು ಕಂತಿನ ನಂತರ ಬರುವುದಿಲ್ಲ.

ಬಾಗಿಲ ಮಾತು ಇನ್ನೂ ಒಂದಿದೆ. ಜಪಾನಿಗೆ ವ್ಯಾಂಪೈರ್ ಹೊರಗಿನಿಂದ ಬಂದ ನೆಂಟ. ಅಲ್ಲಿನ ಹಳೆಯ ದೆವ್ವಗಳು ಬೇರೆ ಥರ. 'ಕ್ಯುಕೆತ್ಸುಕಿ' ಎಂಬ ಪದದ ಅರ್ಥ ನೇರವಾಗಿ 'ರಕ್ತ ಹೀರುವ ರಾಕ್ಷಸ' ಅಂತ. ನಮ್ಮ 'ರಕ್ತಪಿಶಾಚಿ' ಇದ್ದ ಹಾಗೆ, ಹೊರಗಿನ ಸರಕಿಗೆ ಒಳಗಿನ ಹೆಸರು. ಅದಕ್ಕೇ ಇರಬೇಕು, ಜಪಾನಿನ ಕಥೆಗಳಲ್ಲಿ ವ್ಯಾಂಪೈರ್ ಬಂದಾಗ ಅದರ ಜೊತೆ ಬಂಗಲೆ, ಗುಲಾಬಿ, ಯುರೋಪಿನ ಹೆಸರು ಎಲ್ಲ ಬರುತ್ತವೆ. ನಮ್ಮ ಬೇತಾಳನಿಗೆ ಇದರ ಉಲ್ಟಾ ಆಯಿತು. ರಿಚರ್ಡ್ ಬರ್ಟನ್ 1870ರಲ್ಲಿ ವಿಕ್ರಮ ಬೇತಾಳನ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ವ್ಯಾಂಪೈರ್ ಮಾಡಿಬಿಟ್ಟ. ಮರಕ್ಕೆ ಜೋತು ಬಿದ್ದು ಒಗಟು ಹೇಳುವ ಪಾಪದ ಬೇತಾಳ ಯಾರ ಕುತ್ತಿಗೆಯನ್ನೂ ಕಚ್ಚಿದವನಲ್ಲ.

ಹೆಜ್ಜೆ 4: ಮೊದಲ ಪುಸ್ತಕ ಆರಿಸಿಕೊಳ್ಳಿ

ಎಲ್ಲರೂ ಮೊದಲು ಹೆಸರುವಾಸಿಯಾದದ್ದನ್ನು ಹೇಳುತ್ತಾರೆ. ನಾನು ಕೇಳುವುದು, ನಿಮಗೆ ಯಾವ ಥರದ ಭಯ ಇಷ್ಟ ಅಂತ.

ಒಂಟಿತನದ ಭಯ, ಮೈ ಬದಲಾಗುವ ಭಯ ಇಷ್ಟವಿದ್ದರೆ ಶೂಜೊ ಒಶಿಮಿಯ 'ಹ್ಯಾಪಿನೆಸ್'. 2015ರಿಂದ 2019ರವರೆಗೆ ಬಂತು, ಹತ್ತೇ ಸಂಪುಟ. ಹೊಸಬರಿಗೆ ನಾನು ಕೊಡುವುದು ಇದನ್ನೇ. ಹೆಸರು ನೋಡಿ ಮೋಸ ಹೋಗಬೇಡಿ, ಇದರಲ್ಲಿ ಸಂತೋಷ ತುಂಬಾ ಕಡಿಮೆ. ಒಕಾಜಾಕಿ ಎಂಬ ಸಾಧಾರಣ ಹೈಸ್ಕೂಲ್ ಹುಡುಗ. ಶಾಲೆಯಲ್ಲಿ ಅವನನ್ನು ಹಿಂಸಿಸುವವರಿದ್ದಾರೆ. ಒಂದು ರಾತ್ರಿ ಹೊರಗೆ ಹೋದಾಗ ಒಬ್ಬ ಹುಡುಗಿ ಮೇಲೆ ಬಿದ್ದು ಕುತ್ತಿಗೆ ಕಚ್ಚುತ್ತಾಳೆ. ಹಾಗೇ ಸಾಯುತ್ತೀಯಾ, ನನ್ನ ಥರ ಆಗುತ್ತೀಯಾ ಎಂದು ಕೇಳುತ್ತಾಳೆ. ಅವನಿಗೆ ಸಾಯಲು ಇಷ್ಟವಿಲ್ಲ. ಬಾಗಿಲು ತೆರೆಯಿತು ನೋಡಿ.

ಈ ಪುಸ್ತಕದಲ್ಲಿ ಗಮನಿಸಬೇಕಾದ್ದು ಗೆರೆ. ಮಾಮೂಲಿ ದಿನಗಳಲ್ಲಿ ಗೆರೆಗಳು ನೇರ, ಅಚ್ಚುಕಟ್ಟು. ತರಗತಿ, ಬೆಂಚು, ಕಿಟಕಿ. ಬಾಯಾರಿಕೆ ಶುರುವಾದಾಗ ಗೆರೆ ಅಲುಗುತ್ತದೆ. ಬೆಳಕು ಚುಚ್ಚುತ್ತದೆ, ಆಕಾಶ ಸುಳಿಯಾಗುತ್ತದೆ, ಎದುರಿಗಿರುವವರ ಮುಖ ಕರಗಿದ ಮೇಣದ ಹಾಗೆ. ಅವನಿಗೆ ಏನಾಗುತ್ತಿದೆ ಎಂದು ಯಾರೂ ಮಾತಿನಲ್ಲಿ ಹೇಳುವುದಿಲ್ಲ. ಮಾತಿಲ್ಲದ ಪುಟಗಳೇ ಜಾಸ್ತಿ. ಒಂದು ಸಂಪುಟ ಅರ್ಧ ಗಂಟೆಯಲ್ಲಿ ಮುಗಿದುಹೋಗಬಹುದು. ಮುಗಿಸಬೇಡಿ. ಮಾತಿಲ್ಲದ ಪುಟದಲ್ಲಿ ಹತ್ತು ಸೆಕೆಂಡು ನಿಲ್ಲಿ. ಅರ್ಧದ ನಂತರ ಕಥೆ ತುಂಬಾ ಕತ್ತಲಿಗೆ ಹೋಗುತ್ತದೆ, ಲೈಂಗಿಕ ಹಿಂಸೆಯೂ ಬರುತ್ತದೆ. ಹೆಜ್ಜೆ 1 ನೆನಪಿರಲಿ.

ಅಬ್ಬರ ಬೇಕು, ಗುಂಡು ಬೇಕು, ನಗುತ್ತಾ ಕೊಲ್ಲುವ ಖಳನಾಯಕರು ಬೇಕು ಅನ್ನುವವರಿಗೆ ಕೊಹ್ತಾ ಹಿರಾನೊನ 'ಹೆಲ್ಸಿಂಗ್'. 1997ರಿಂದ 2008ರವರೆಗೆ, ಇದೂ ಹತ್ತು ಸಂಪುಟ. ಇಂಗ್ಲೆಂಡಿನಲ್ಲಿ ಪಿಶಾಚಿಗಳನ್ನು ಬೇಟೆಯಾಡುವ ಒಂದು ಸಂಸ್ಥೆ. ಅದರ ಯಜಮಾನಿ ಇಂಟೆಗ್ರಾ. ಅವಳ ಕೈಯಲ್ಲಿರುವ ಅಸ್ತ್ರ ಅಲುಕಾರ್ಡ್ ಎಂಬ ವ್ಯಾಂಪೈರ್. ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದಿನಿಂದ ಓದಿದರೆ ಅವನು ಯಾರು ಎಂದು ಗೊತ್ತಾಗುತ್ತದೆ. ಕನ್ನಡದಲ್ಲಿ ಬರೆದರೆ ಈ ಚಮತ್ಕಾರ ಕೆಲಸ ಮಾಡುವುದಿಲ್ಲ, ಒಳ್ಳೆಯದೇ ಆಯಿತು.

ಮೊದಲ ಅಧ್ಯಾಯದಲ್ಲೇ ಸೆರಾಸ್ ಎಂಬ ಪೊಲೀಸ್ ಹುಡುಗಿಯನ್ನು ಒಬ್ಬ ಪಿಶಾಚಿ ಅಡ್ಡ ಹಿಡಿದು ನಿಲ್ಲುತ್ತಾನೆ. ಅಲುಕಾರ್ಡ್ ಅವಳ ಮೈಯೊಳಗಿಂದಲೇ ಗುಂಡು ಹಾರಿಸಿ ಹಿಂದಿರುವವನನ್ನು ಕೊಲ್ಲುತ್ತಾನೆ. ಆಮೇಲೆ ಅವಳ ಮುಂದೆ ಆಯ್ಕೆ ಇಡುತ್ತಾನೆ. ಮತ್ತೆ ಅದೇ ಪ್ರಶ್ನೆ, ಅದೇ ಬಾಗಿಲು. ಮೊದಲ ಸಂಪುಟದ ಚಿತ್ರ ಒರಟಾಗಿದೆ. ಹಿರಾನೊ ಬರೆಯುತ್ತಾ ಬರೆಯುತ್ತಾ ಪಳಗಿದ. ಮೂರನೇ ಸಂಪುಟದ ಹೊತ್ತಿಗೆ ಕಪ್ಪು ಮಸಿ ಪುಟದಿಂದ ಹೊರಗೆ ಸುರಿಯುವ ಹಾಗೆ ಕಾಣುತ್ತದೆ. ಮುಂದೆ ನಾಜಿ ಪಡೆಯ ಪಳೆಯುಳಿಕೆಗಳು ಖಳರಾಗಿ ಬರುತ್ತಾರೆ. ಅವರ ನಾಯಕ ಯುದ್ಧವನ್ನು ಪ್ರೀತಿಸುತ್ತೇನೆ ಎಂದು ಮಾಡುವ ಭಾಷಣ ಅಭಿಮಾನಿಗಳಿಗೆ ಬಾಯಿಪಾಠ. ಅದು ಹುಚ್ಚನ ಭಾಷಣ ಎಂಬುದನ್ನು ಕೆಲವರು ಮರೆಯುತ್ತಾರೆ, ನೀವು ಮರೆಯಬೇಡಿ. ಅನಿಮೆ ನೋಡುವುದಾದರೆ ಎರಡಿವೆ. 2001ರದ್ದು 13 ಕಂತು, ಅರ್ಧಕ್ಕೇ ಬೇರೆ ದಾರಿ ಹಿಡಿಯುತ್ತದೆ. 2006ರಿಂದ 2012ರವರೆಗೆ ಹತ್ತು ಭಾಗಗಳಲ್ಲಿ ಬಂದ 'ಹೆಲ್ಸಿಂಗ್ ಅಲ್ಟಿಮೇಟ್' ಪುಸ್ತಕಕ್ಕೆ ಹತ್ತಿರ. ಒಂದೇ ನೋಡುವುದಾದರೆ ಎರಡನೆಯದನ್ನು ನೋಡಿ.

ದುಃಖ ಬೇಕಾದವರಿಗೆ ಮೊಟೊ ಹಾಗಿಯೊ ಅವರ 'ಪೋ ಕ್ಲ್ಯಾನ್'. 1972ರಲ್ಲಿ ಶುರುವಾದದ್ದು, ಅದೂ ಹುಡುಗಿಯರ ಪತ್ರಿಕೆಯಲ್ಲಿ. ಇಲ್ಲಿ ರಕ್ತ ಕಡಿಮೆ, ಗುಲಾಬಿ ಜಾಸ್ತಿ. ಎಡ್ಗರ್ ಎಂಬ ಹುಡುಗ ವ್ಯಾಂಪೈರ್ ಆಗಿ ಹದಿನಾಲ್ಕರ ವಯಸ್ಸಿನಲ್ಲೇ ನಿಂತುಹೋಗಿದ್ದಾನೆ. ಶತಮಾನಗಳು ದಾಟುತ್ತವೆ, ಅವನು ದಾಟುವುದಿಲ್ಲ. ಒಂದು ರಾತ್ರಿ ಆಲನ್ ಎಂಬ ಹುಡುಗನ ಕಿಟಕಿಗೆ ಬಂದು, ಒಬ್ಬನೇ ಇರುವುದು ಬೇಸರ, ಜೊತೆಗೆ ಬಾ ಎಂದು ಕರೆಯುತ್ತಾನೆ. ಇಲ್ಲಿ ಕಚ್ಚಲು ಬಂದವನಿಗೇ ಒಳಗಿನವನ ಅಗತ್ಯ ಜಾಸ್ತಿ. ಕಥೆ 1976ರಲ್ಲಿ ನಿಂತು, ನಲವತ್ತು ವರ್ಷ ಬಿಟ್ಟು 2016ರಲ್ಲಿ ಮತ್ತೆ ಶುರುವಾಯಿತು. ಎಡ್ಗರನಿಗೆ ಆಗಲೂ ಹದಿನಾಲ್ಕೇ! ಮೂಲ ಸರಣಿ ಇಂಗ್ಲಿಷಿನಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಬಂದಿದೆ. ಕಾಲ ಹಿಂದೆ ಮುಂದೆ ಹಾರುತ್ತದೆ, ಇಸವಿ ಕಂಡಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.

ಚಿತ್ರಕ್ಕಾಗಿಯೇ ಓದುವವರಿಗೆ ಶಿನ್‌ಇಚಿ ಸಕಮೊಟೊನ 'ಡಿಆರ್‌ಸಿಎಲ್ ಮಿಡ್‌ನೈಟ್ ಚಿಲ್ಡ್ರನ್'. 2021ರಲ್ಲಿ ಶುರುವಾಯಿತು. ಸ್ಟೋಕರನ ಕಥೆಯನ್ನೇ ಇಂಗ್ಲೆಂಡಿನ ವಿಟ್ಬಿಯ ಒಂದು ಶಾಲೆಗೆ ತಂದು ಕೂರಿಸಿದ್ದಾನೆ. ಡ್ರಾಕುಲಾನನ್ನು ಹೊತ್ತು ತರುವ ಡಿಮೀಟರ್ ಹಡಗಿನ ಭಾಗ ನೋಡಿ. ಅಲೆ, ಹಗ್ಗ, ಕೂದಲು ಎಲ್ಲ ಒಂದೇ ಗೆರೆಯಲ್ಲಿ ಹೆಣೆದುಕೊಂಡಿವೆ. ಕಥೆ ಕೆಲವು ಕಡೆ ಕೈಗೆ ಸಿಗುವುದಿಲ್ಲ, ಕನಸಿನ ಹಾಗೆ ಜಾರುತ್ತದೆ. ಮೂಲ ಕಾದಂಬರಿ ಒಮ್ಮೆ ಓದಿಕೊಂಡಿದ್ದರೆ ದಾರಿ ತಪ್ಪುವುದಿಲ್ಲ.

'ವ್ಯಾಂಪೈರ್ ಹಂಟರ್ ಡಿ' ಬಗ್ಗೆ ಒಂದೇ ಮಾತು. ಅದು ಮೂಲದಲ್ಲಿ ಕಾದಂಬರಿ. ಹಿದೆಯುಕಿ ಕಿಕುಚಿ 1983ರಲ್ಲಿ ಶುರು ಮಾಡಿದ್ದು, ಯೊಶಿತಾಕ ಅಮಾನೊ ಚಿತ್ರ ಬರೆದದ್ದು. ನಾಯಕ ಅರ್ಧ ವ್ಯಾಂಪೈರ್, ಅವನ ಎಡಗೈಯಲ್ಲಿ ಮಾತಾಡುವ ಒಂದು ಮುಖ ಇದೆ. ಪುಸ್ತಕಕ್ಕಿಂತ ಮೊದಲು 2000ದ ಸಿನಿಮಾ 'ಬ್ಲಡ್‌ಲಸ್ಟ್' ನೋಡಿ. 'ಹಿಗನ್‌ಜಿಮಾ' ಅಂತ ಒಂದಿದೆ, 2002ರಿಂದ ಮುಗಿಯದೆ ಹೊಸ ಹೊಸ ಹೆಸರಿನಲ್ಲಿ ಓಡುತ್ತಲೇ ಇದೆ. ದ್ವೀಪದ ತುಂಬ ಪಿಶಾಚಿಗಳು, ನಾಯಕರ ಕೈಯಲ್ಲಿ ಮರದ ದಿಮ್ಮಿ. ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಡಿ. ಹಬ್ಬದ ರಜೆಗೆ ಚೆನ್ನಾಗಿದೆ.

ಹೆಜ್ಜೆ 5: ಪಕ್ಕದ ಮನೆಯವರನ್ನೂ ಮಾತಾಡಿಸಿ

ಇವು ವ್ಯಾಂಪೈರ್ ಅಲ್ಲ, ಆದರೆ ಅದೇ ಬೀದಿಯವು. ಬಾಗಿಲ ಪ್ರಶ್ನೆ ಇಲ್ಲೂ ನಡೆಯುತ್ತದೆ.

ಸುಯಿ ಇಶಿದಾನ 'ಟೋಕಿಯೊ ಘೂಲ್' 2011ರಲ್ಲಿ ಶುರುವಾಗಿ 14 ಸಂಪುಟ, ಮುಂದುವರಿದ ಭಾಗ 16 ಸಂಪುಟ. ಕನೆಕಿ ಎಂಬ ಪುಸ್ತಕದ ಹುಳು ಒಬ್ಬ ಚೆಲುವೆಯ ಜೊತೆ ಸುತ್ತಾಡಲು ಹೋಗಿ ಸಾವಿನ ಅಂಚಿಗೆ ಬೀಳುತ್ತಾನೆ. ಅವಳು ಘೂಲ್, ಅಂದರೆ ನರಮಾಂಸ ತಿನ್ನುವ ಪಿಶಾಚಿ. ಆಸ್ಪತ್ರೆಯಲ್ಲಿ ಅವಳ ಅಂಗಾಂಗವನ್ನೇ ಅವನೊಳಗೆ ಇಡುತ್ತಾರೆ. ಆಮೇಲೆ ಅವನಿಗೆ ಮನುಷ್ಯರ ಊಟ ವಾಕರಿಕೆ ತರಿಸುತ್ತದೆ. ನರಮಾಂಸ ಬಿಟ್ಟರೆ ರುಚಿ ಹತ್ತುವುದು ಕಾಫಿ ಮಾತ್ರ. ಫಿಲ್ಟರ್ ಕಾಫಿ ಇಲ್ಲದೆ ಬೆಳಗಾಗದ ನಮ್ಮಂಥವರಿಗೆ ಅವನ ಮೇಲೆ ಕರುಣೆ ಸ್ವಲ್ಪ ಜಾಸ್ತಿಯೇ ಬರುತ್ತದೆ.

ಹಿತೋಶಿ ಇವಾಕಿಯ 'ಪ್ಯಾರಾಸೈಟ್' ಹಳೆಯದು, 1995ಕ್ಕೆ ಮುಗಿದದ್ದು. ಮಲಗಿದ ಹುಡುಗನ ಮೈಯೊಳಗೆ ಒಂದು ಹುಳು ನುಗ್ಗುತ್ತದೆ. ಕಿವಿಯಲ್ಲಿ ಹೆಡ್‌ಫೋನ್ ಇದ್ದಿದ್ದರಿಂದ ತಲೆಗೆ ದಾರಿ ಸಿಗದೆ ಬಲಗೈಗೆ ಹೊಕ್ಕು ಅಲ್ಲೇ ಸಂಸಾರ ಹೂಡುತ್ತದೆ. ಚಿತ್ರ ಸರಳ, ತರ್ಕ ಗಟ್ಟಿ. ಮಾಂಗಾ ಅಂದರೆ ಮೂಗು ಮುರಿಯುವ ದೊಡ್ಡವರಿಗೆ ಕೊಡಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

'ಜೋಜೋಸ್ ಬಿಜಾರ್ ಅಡ್ವೆಂಚರ್' ಹೆಸರು ಕೇಳಿರುತ್ತೀರಿ. 1987ರ ಅದರ ಮೊದಲ ಭಾಗ ಅಪ್ಪಟ ವ್ಯಾಂಪೈರ್ ಕಥೆ. ನಾಯಕನ ಅಪ್ಪ ಹಳೆಯ ಉಪಕಾರ ನೆನೆದು ಡಿಯೊ ಎಂಬ ಅನಾಥನನ್ನು ಮನೆಗೆ ಕರೆದುಕೊಳ್ಳುತ್ತಾನೆ. ಬಾಗಿಲು ತೆಗೆದದ್ದು ಯಾರು? ಅಪ್ಪ. ಡಿಯೊ ಹಲ್ಲು ಬರುವುದಕ್ಕೆ ಎಷ್ಟೋ ಮುಂಚೆಯೇ ಪಿಶಾಚಿ.

'ಬರ್ಸರ್ಕ್' ಎಂಬ ಮಾಂಗಾ ಮತ್ತು ಭಯದ ಕಥೆಗಳ ಕಲಾವಿದ ಜುಂಜಿ ಇಟೊ ಬೇರೆಯೇ ಲೋಕಗಳು. ಒಂದೊಂದಕ್ಕೂ ಇಷ್ಟೇ ಉದ್ದದ ಬರಹ ಬೇಕು. ಬರೆಯುತ್ತಿದ್ದ ಕೆಂಟಾರೊ ಮಿಉರಾ 2021ರಲ್ಲಿ ತೀರಿಕೊಂಡ ಮೇಲೆ 'ಬರ್ಸರ್ಕ್' ಅನ್ನು ಅವನ ಗೆಳೆಯ ಕೌಜಿ ಮೋರಿ ಮತ್ತು ಶಿಷ್ಯರು ಮುಂದುವರಿಸುತ್ತಿದ್ದಾರೆ ಎಂಬುದಷ್ಟು ತಿಳಿದಿರಲಿ. ಇಟೊನಲ್ಲಿ 'ಉಝುಮಾಕಿ'ಯಿಂದ ಶುರು ಮಾಡಿ.

ಹೆಜ್ಜೆ 6: ಎಲ್ಲಿ ಸಿಗುತ್ತದೆ, ಹೇಗೆ ಕೊಳ್ಳಬೇಕು

ನಾವು ಓದುವುದು ಹೆಚ್ಚಾಗಿ ಇಂಗ್ಲಿಷ್ ಅನುವಾದಗಳನ್ನೇ. ಒಂದು ಮಾಮೂಲಿ ಸಂಪುಟ ಸುಮಾರು 400ರಿಂದ 700 ರೂಪಾಯಿ. 'ಹೆಲ್ಸಿಂಗ್' ಮೂರು ದಪ್ಪ ಗಟ್ಟಿರಟ್ಟಿನ ಪುಸ್ತಕಗಳಾಗಿಯೂ ಬಂದಿದೆ, ಅದು ಸಾವಿರಗಳ ಲೆಕ್ಕ. ಬೆಂಗಳೂರಿನವರಾದರೆ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಕಡೆ ಒಂದು ಸುತ್ತು ಹೋಗಿ. ಹಳೇ ಪ್ರತಿ ಸಿಕ್ಕರೆ ಅದೃಷ್ಟ. ಆದರೆ ನನ್ನ ಹಾಗೆ ನಾಲ್ಕನೆಯದು ಸಿಕ್ಕಿತು ಎಂದು ಅಲ್ಲಿಂದ ಶುರು ಮಾಡಬೇಡಿ.

ಕೊಳ್ಳುವ ಮುಂಚೆ ರುಚಿ ನೋಡಲು ದಾರಿ ಇದೆ. ಜಪಾನಿನ ಶುಯೆಶಾ ಪ್ರಕಾಶನದ 'ಮಾಂಗಾ ಪ್ಲಸ್' ಎಂಬ ಆ್ಯಪ್ 2019ರಿಂದ ಇದೆ. ಅದರಲ್ಲಿ ಎಷ್ಟೋ ಸರಣಿಗಳ ಮೊದಲ ಮತ್ತು ಇತ್ತೀಚಿನ ಕೆಲವು ಅಧ್ಯಾಯ ಉಚಿತ. ಆದರೆ ಆ ಪ್ರಕಾಶನದ ಪುಸ್ತಕಗಳು ಮಾತ್ರ. ಬೇರೆ ಪ್ರಕಾಶಕರದ್ದಾದರೆ ಪುಸ್ತಕ ಮಾರುವ ತಾಣದಲ್ಲಿ ಮಾದರಿ ಪುಟಗಳಿವೆಯೇ ನೋಡಿ. ಮೊದಲ ಎರಡು ಸಂಪುಟ ತಂದು ಓದಿ, ಹಿಡಿಸಿದರೆ ಮಾತ್ರ ಉಳಿದವು. ಹತ್ತೂ ಒಟ್ಟಿಗೆ ತಂದು ಮೂರಕ್ಕೇ ನಿಂತ ಸರಣಿ ನನ್ನ ಕಪಾಟಿನಲ್ಲೇ ಒಂದಿದೆ.

ನಕಲಿ ಪ್ರತಿಯ ಬಗ್ಗೆ ಎಚ್ಚರ. ಒಬ್ಬ ಆನ್‌ಲೈನ್ ಮಾರಾಟಗಾರನಿಂದ ಅರ್ಧ ಬೆಲೆಗೆ ಸಿಗುತ್ತಿದೆ ಎಂದು ಒಂದು ಸಂಪುಟ ತರಿಸಿದೆ. ಮುಖಪುಟ ಚೆನ್ನಾಗಿತ್ತು. ಒಳಗೆ ಕತ್ತಲೆಯೇ ಇರಲಿಲ್ಲ. ಕಪ್ಪಿರಬೇಕಾದ ರಾತ್ರಿ ಆಕಾಶವೆಲ್ಲ ಬೂದಿ ಬಣ್ಣ, ಸಣ್ಣ ಚುಕ್ಕಿಗಳ ನೆರಳೆಲ್ಲ ಕಲಸಿ ಮಸಿ ಒರೆಸಿದ ಹಾಗೆ. ಪುಟದ ಅಂಚಿನ ಮಾತುಗಳು ಅರ್ಧ ಕತ್ತರಿಸಿ ಹೋಗಿದ್ದವು. ವ್ಯಾಂಪೈರ್ ಪುಸ್ತಕದಲ್ಲಿ ಕತ್ತಲೆಯೇ ಹೋದರೆ ಉಳಿಯುವುದೇನು? ಅಂಗಡಿಯಲ್ಲಿ ಕೊಳ್ಳುವಾಗ ಪೂರ್ತಿ ಕಪ್ಪಿರುವ ಒಂದು ಪುಟ ತೆರೆದು ಬೆಳಕಿಗೆ ಹಿಡಿದು ನೋಡಿ. ಹಿಂದಿನ ಚಿತ್ರ ಪೂರ್ತಿ ಕಂಡರೆ, ಕಪ್ಪು ಮಂಕಾಗಿದ್ದರೆ ಬಿಟ್ಟುಬಿಡಿ.

ಅಂತರ್ಜಾಲದಲ್ಲಿ ಪಾತ್ರದ ಹೆಸರು ಹುಡುಕಬೇಡಿ. ಹೆಸರು ಅರ್ಧ ಬರೆಯುವಷ್ಟರಲ್ಲಿ ಅವನು ಹೇಗೆ ಸಾಯುತ್ತಾನೆ ಎಂದು ಅದೇ ಹೇಳಿಬಿಡುತ್ತದೆ.

ಹೆಜ್ಜೆ 7: ಪುಸ್ತಕ ಇಟ್ಟುಕೊಳ್ಳುವುದು

ಪೂರ್ತಿ ಮಸಿ ತುಂಬಿದ ಪುಟಗಳ ಮೇಲೆ ಬೆರಳ ಗುರುತು ನಿಂತುಬಿಡುತ್ತದೆ. ಚಕ್ಕುಲಿ ತಿನ್ನುತ್ತಾ ಓದಿದರೆ ಅಲುಕಾರ್ಡನ ಕೋಟಿನ ಮೇಲೆ ನಿಮ್ಮ ಹೆಬ್ಬೆಟ್ಟು ಶಾಶ್ವತ. ಮಲೆನಾಡು, ಕರಾವಳಿಯವರಿಗೆ ಮಳೆಗಾಲದ ಕಾಟ ಬೇರೆ. ಮಾಂಗಾ ಕಾಗದ ಒರಟು, ತೇವ ಬೇಗ ಎಳೆದುಕೊಳ್ಳುತ್ತದೆ, ಬೂಸ್ಟು ಹಿಡಿಯುತ್ತದೆ. ಗೋಡೆಗೆ ಒತ್ತಿ ಇಡಬೇಡಿ, ಎರಡು ಬೆರಳಷ್ಟು ಜಾಗ ಬಿಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಎಸೆಯದೆ ಕಪಾಟಿನ ಮೂಲೆಗೆ ಹಾಕಿ. ಬಿಸಿಲು ಬಂದ ದಿನ ಒಂದು ಗಂಟೆ ಗಾಳಿಗೆ ತೆರೆದಿಡಿ. ನೇರ ಬಿಸಿಲಿಗೆ ಮಾತ್ರ ಬೇಡ. ಕಾಗದ ಹಳದಿಯಾಗುತ್ತದೆ, ಒಳಗಿರುವವರಿಗೂ ಅದು ಆಗಿಬರುವುದಿಲ್ಲ.